ಬೇರೆಯವರ ರಾಕೆಟ್ಟಿನಲ್ಲಿ ಹೋದ ನಮ್ಮ ಉಪಗ್ರಹ: ಜಿಸ್ಯಾಟ್-ಎನ್2

2024ರ ನವೆಂಬರ್ 19ರಂದು ನಮ್ಮ ಗಡಿಯಾರ ಮಧ್ಯರಾತ್ರಿ ದಾಟಿ ಒಂದು ನಿಮಿಷವಾಗಿದ್ದಾಗ ಅಮೆರಿಕದ ಫ್ಲಾರಿಡಾದಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನ. ಆ ಹೊತ್ತಿಗೆ ಕೇಪ್ ಕೆನವೆರಲ್‌ನ 40ನೆಯ ಉಡಾವಣಾ ಸಂಕೀರ್ಣದಿಂದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ ಮೇಲೇರಿತು. ಅದು ಹೊತ್ತೊಯ್ದದ್ದು ಇಸ್ರೋ ನಿರ್ಮಿಸಿದ, 4700 ಕಿಲೋಗ್ರಾಂ ತೂಕದ ಸಂಪರ್ಕ ಉಪಗ್ರಹವನ್ನು. ಮೊದಲು ಜಿಸ್ಯಾಟ್-20 ಎಂದು ಕರೆಸಿಕೊಂಡಿದ್ದ ಅದಕ್ಕೆ ಈಗಿನ ಹೆಸರು ಜಿಸ್ಯಾಟ್-ಎನ್2. ಸುಮಾರು 34 ನಿಮಿಷಗಳ ನಂತರ ಅದು ರಾಕೆಟ್ಟಿನಿಂದ ಬೇರ್ಪಟ್ಟಿತು. ರಾಕೆಟ್ಟಿನ ಮೊದಲ ಹಂತ ಅದಕ್ಕೂ ಮುಂಚೆಯೇ ಅಟ್ಲಾಂಟಿಕ್ ಸಾಗರದಲ್ಲಿ ಕಾದಿದ್ದ ಹಡಗಿನ ಮೇಲೆ ಬಂದು ಇಳಿದಿತ್ತು. ಉಪಗ್ರಹದ ಹೊಣೆ ಹಾಸನದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ, ಅಂದರೆ ನಾವೆಲ್ಲ ಎಂಸಿಎಫ್ ಎಂದೇ ಕರೆಯುವ ಸ್ಥಳಕ್ಕೆ ಬಂತು.

ಆ ವಾರ ಪತ್ರಿಕೆಗಳಲ್ಲೂ ವಾಟ್ಸ್ಆ್ಯಪ್ ಗುಂಪುಗಳಲ್ಲೂ ನಡೆದ ಮಾತುಕತೆ ಬಹುಪಾಲು ರಾಕೆಟ್ಟಿನ ಸುತ್ತಲೇ ತಿರುಗಿತು. ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ದೇಶಕ್ಕೆ ತನ್ನ ಉಪಗ್ರಹವನ್ನು ತಾನೇ ಹಾರಿಸಲು ಆಗಲಿಲ್ಲವೇ ಎಂದು ಕೆಲವರು ಕೇಳಿದರು. ಅಗ್ಗವಾಗಿ ಸಿಗುವುದನ್ನು ಕೊಳ್ಳುವುದರಲ್ಲಿ ತಪ್ಪೇನಿದೆ ಎಂದು ಉಳಿದವರು ಉತ್ತರಿಸಿದರು. ಎರಡು ಮಾತಿಗೂ ಒಂದಿಷ್ಟು ಆಧಾರವಿದೆ. ಆದರೆ ಸಂಪರ್ಕ ಉಪಗ್ರಹದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಅದನ್ನು ಯಾರು ಮೇಲಕ್ಕೆ ಒಯ್ದರು ಎಂಬುದು ಅರ್ಧ ಗಂಟೆಯ ವಿಷಯ. ಅದನ್ನು ಯಾರು ಕಾಯುತ್ತಾರೆ, ಅದು ಯಾರನ್ನು ತಲುಪುತ್ತದೆ ಎಂಬುದು ಹದಿನಾಲ್ಕು ವರ್ಷಗಳ ವಿಷಯ. ಜಿಸ್ಯಾಟ್-ಎನ್2ಕ್ಕೆ ನಿಗದಿಪಡಿಸಿರುವ ಆಯುಷ್ಯ ಅಷ್ಟು.

ಆದರೂ ರಾಕೆಟ್ಟಿನ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಅತಿ ಬಲಿಷ್ಠ ಉಡಾವಣಾ ವಾಹನವಾದ ಎಲ್‌ವಿಎಂ3, ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯತ್ತ ಸಾಗುವ ವರ್ಗಾವಣಾ ಕಕ್ಷೆಗೆ ಸುಮಾರು 4000 ಕಿಲೋಗ್ರಾಂ ಒಯ್ಯುವಂತೆ ವಿನ್ಯಾಸಗೊಂಡದ್ದು. ಜಿಸ್ಯಾಟ್-ಎನ್2 ಅದಕ್ಕಿಂತ 700 ಕಿಲೋಗ್ರಾಂ ಹೆಚ್ಚು ತೂಗುತ್ತದೆ. ಇಂಥ ಭಾರದ ಉಪಗ್ರಹಗಳಿದ್ದಾಗ ಇಸ್ರೋ ದಶಕಗಳ ಕಾಲ ಹೋಗುತ್ತಿದ್ದದ್ದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂಗೆ, ಏರಿಯಾನ್ ರಾಕೆಟ್ಟಿನ ಬಳಿಗೆ. ಆದರೆ ಏರಿಯಾನ್-5 ತನ್ನ ಕೊನೆಯ ಹಾರಾಟವನ್ನು 2023ರ ಜುಲೈನಲ್ಲಿ ಮುಗಿಸಿತು. ಅದರ ಜಾಗಕ್ಕೆ ಬರಬೇಕಿದ್ದ ಏರಿಯಾನ್-6 ಮೊದಲ ಬಾರಿಗೆ ಹಾರಿದ್ದು 2024ರ ಜುಲೈನಲ್ಲಿ. ಉಕ್ರೇನ್ ಯುದ್ಧದ ನಂತರ ರಷ್ಯಾದ ರಾಕೆಟ್ಟುಗಳು ಅಂತರರಾಷ್ಟ್ರೀಯ ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮರೆಯಾಗಿದ್ದವು. ಹೀಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ತೆರೆದಿದ್ದದ್ದು ಫಾಲ್ಕನ್-9 ಒಂದೇ ಎನ್ನಬಹುದು. ಇಸ್ರೋ ನಿರ್ಮಿತ ಉಪಗ್ರಹವೊಂದು ಆ ರಾಕೆಟ್ಟನ್ನು ಏರಿದ್ದು ಇದೇ ಮೊದಲು.

ಇದೇ ಯುದ್ಧ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡಿತ್ತು ಎಂಬುದನ್ನು ಆ ಚರ್ಚೆಯಲ್ಲಿ ಯಾರೂ ನೆನಪಿಸಿದಂತೆ ಕಾಣಲಿಲ್ಲ. ರಷ್ಯಾದ ಸೋಯುಜ್ ರಾಕೆಟ್ಟುಗಳನ್ನು ನೆಚ್ಚಿಕೊಂಡಿದ್ದ, ಉಪಗ್ರಹಗಳ ಮೂಲಕ ಇಂಟರ್ನೆಟ್ ಕೊಡುವ ಒನ್‌ವೆಬ್ ಕಂಪನಿ 2022ರಲ್ಲಿ ಕೈ ಖಾಲಿಯಾಗಿ ನಿಂತಾಗ ಅದಕ್ಕೆ ದಾರಿ ತೋರಿಸಿದವುಗಳಲ್ಲಿ ಶ್ರೀಹರಿಕೋಟವೂ ಒಂದು. 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ನಮ್ಮ ಎಲ್‌ವಿಎಂ3 ಆ ಕಂಪನಿಯ 72 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಆಗ ಬ್ರಿಟನ್ನಿನಲ್ಲಿ ನೆಲೆಗೊಂಡ ಕಂಪನಿ ನಮ್ಮ ರಾಕೆಟ್ಟನ್ನು ಕೊಂಡಿತು. ಎರಡು ವರ್ಷಗಳ ನಂತರ ನಾವು ಅಮೆರಿಕದ ಕಂಪನಿಯ ರಾಕೆಟ್ಟನ್ನು ಕೊಂಡೆವು. ಮೊದಲನೆಯದನ್ನು ಹೆಮ್ಮೆ ಎಂದೂ ಎರಡನೆಯದನ್ನು ಅವಮಾನ ಎಂದೂ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬೇರೆಯವರ ರಾಕೆಟ್ಟನ್ನು ಏರುವುದು ನಮ್ಮ ಸಂಪರ್ಕ ಉಪಗ್ರಹಗಳ ಚರಿತ್ರೆಯ ಮೊದಲ ಪುಟದಿಂದಲೇ ಇದೆ. 1981ರ ಜೂನ್ 19ರಂದು ಕೌರೂನಿಂದ ಏರಿಯಾನ್ ರಾಕೆಟ್ಟಿನ ಮೂರನೆಯ ಪರೀಕ್ಷಾ ಹಾರಾಟದಲ್ಲಿ ಹೋದ ಆ್ಯಪಲ್, ಭಾರತದ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ. ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿ ಇರಬಾರದೆಂದು ಅದನ್ನು ಎತ್ತಿನ ಗಾಡಿಯ ಮೇಲೆ ನಿಲ್ಲಿಸಿ ತೆಗೆದ ಚಿತ್ರವನ್ನು ನೀವೂ ನೋಡಿರುತ್ತೀರಿ. ಬಡತನದ ಗುರುತೆಂದು ಅದನ್ನು ಹಂಚಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ಚಿತ್ರದಲ್ಲಿರುವುದು ಕೈಗೆ ಸಿಕ್ಕ ಸಾಧನದಿಂದ ಒಂದು ನಿಖರವಾದ ಅಳತೆಯನ್ನು ಪಡೆದ ಎಂಜಿನಿಯರಿಂಗ್. ಆ್ಯಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಅದು ಎರಡು ವರ್ಷಗಳಿಗೂ ಹೆಚ್ಚು ಕಾಲ ದುಡಿಯಿತು.

ರಾಕೆಟ್ ಬಿಟ್ಟುಹೋದ ಮೇಲೆ ಏನಾಗುತ್ತದೆ ಎಂಬುದು ಈ ಬರಹದ ಮುಖ್ಯ ಭಾಗ. ಭೂಮಧ್ಯರೇಖೆಯ ಮೇಲೆ, ಸಮುದ್ರಮಟ್ಟದಿಂದ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವಿಗೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ಬೇಕಾಗುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವುದಕ್ಕೂ ಅಷ್ಟೇ ಸಮಯ. ಆದ್ದರಿಂದ ನೆಲದಿಂದ ನೋಡುವವರಿಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ, ಮನೆಯ ಮೇಲಿನ ಡಿಶ್ ಆಂಟೆನಾವನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕಾಗುತ್ತದೆ. ಆದರೆ ರಾಕೆಟ್ ಸಾಮಾನ್ಯವಾಗಿ ಉಪಗ್ರಹವನ್ನು ಅಲ್ಲಿಯವರೆಗೆ ಒಯ್ಯುವುದಿಲ್ಲ. ಒಂದು ತುದಿ ಭೂಮಿಗೆ ಕೆಲವೇ ನೂರು ಕಿಲೋಮೀಟರ್ ಹತ್ತಿರವಿದ್ದು, ಇನ್ನೊಂದು ತುದಿ ಹತ್ತಾರು ಸಾವಿರ ಕಿಲೋಮೀಟರ್ ದೂರ ಚಾಚಿದ ನೀಳವಾದ ವರ್ಗಾವಣಾ ಕಕ್ಷೆಯಲ್ಲಿ ಅದನ್ನು ಬಿಟ್ಟು ಹೋಗುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ಉಪಗ್ರಹ ತನ್ನದೇ ಎಂಜಿನ್ನಿನಿಂದ ಸವೆಸಬೇಕು.

ಆ ಎಂಜಿನ್ ಎಷ್ಟು ಚಿಕ್ಕದೆಂದರೆ, ಇಸ್ರೋ ಉಪಗ್ರಹಗಳಲ್ಲಿ ಬಳಸುವ ದ್ರವ ಎಂಜಿನ್ನಿನ ನೂಕುಬಲ 440 ನ್ಯೂಟನ್, ಅಂದರೆ ನೆಲದ ಮೇಲೆ 45 ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯಲು ಬೇಕಾಗುವಷ್ಟು. ಟನ್‌ಗಟ್ಟಲೆ ತೂಗುವ ಉಪಗ್ರಹವನ್ನು ಅಷ್ಟು ಸಣ್ಣ ಬಲದಿಂದ ತಳ್ಳುತ್ತಾ, ಕಕ್ಷೆಯ ದೂರದ ತುದಿಗೆ ಅದು ಬಂದಾಗಲೆಲ್ಲ ಎಂಜಿನ್ನನ್ನು ಉರಿಸಿ, ನೀಳವಾದ ಕಕ್ಷೆಯನ್ನು ಹಂತಹಂತವಾಗಿ ದುಂಡಗೆ ಮಾಡಬೇಕು. ಅದರ ಜೊತೆಗೆ ಕಕ್ಷೆಯ ಓರೆಯನ್ನೂ ತಿದ್ದಬೇಕು. ಇಲ್ಲಿ ಉಡಾವಣೆಯ ಜಾಗಕ್ಕೆ ಬೆಲೆ ಬರುತ್ತದೆ: ಕೌರೂ ಭೂಮಧ್ಯರೇಖೆಯಿಂದ ಕೇವಲ 5 ಡಿಗ್ರಿ ಉತ್ತರಕ್ಕಿದೆ, ಶ್ರೀಹರಿಕೋಟ ಸುಮಾರು 13.7 ಡಿಗ್ರಿ, ಕೇಪ್ ಕೆನವೆರಲ್ 28.5 ಡಿಗ್ರಿ. ಉಡಾವಣೆಯ ತಾಣ ಭೂಮಧ್ಯರೇಖೆಯಿಂದ ದೂರವಾದಷ್ಟೂ ಓರೆ ಹೆಚ್ಚು, ಅದನ್ನು ತಿದ್ದುವುದಕ್ಕೆ ತಗಲುವ ಇಂಧನವೂ ಹೆಚ್ಚು. ಉಪಗ್ರಹದ ತೂಕದಲ್ಲಿ ದೊಡ್ಡ ಪಾಲು ಇಂಧನದ್ದೇ ಆಗಿರುವುದು ಇದಕ್ಕಾಗಿ, ಮತ್ತು ಆ ಪ್ರಯಾಣದಲ್ಲಿ ಉಳಿಸಿದ ಪ್ರತಿ ಕಿಲೋಗ್ರಾಂ ಇಂಧನ ಮುಂದೆ ಆಯುಷ್ಯವಾಗಿ ಒದಗುತ್ತದೆ.

ಈ ಕೆಲಸವೆಲ್ಲ ನಡೆಯುವುದು ಹಾಸನದಲ್ಲಿ, ಸಾಲಗಾಮೆ ರಸ್ತೆಯ ಬದಿಯ ಆವರಣದಲ್ಲಿ. ನಾನು ಆ ಕಡೆಯವನಾದ್ದರಿಂದ ಅಲ್ಲಿನ ದೊಡ್ಡ ಬಿಳಿ ಆಂಟೆನಾಗಳು ನನಗೆ ಚಿಕ್ಕಂದಿನಿಂದ ಪರಿಚಿತ. ಆದರೆ ಅವುಗಳ ಅಡಿಯಲ್ಲಿ ಏನು ನಡೆಯುತ್ತದೆಂದು ಓದಿ ತಿಳಿಯುವ ಹೊತ್ತಿಗೆ ದೊಡ್ಡವನಾಗಿದ್ದೆ. ಹಾಸನವೆಂದರೆ ಬೇಲೂರು, ಹಳೇಬೀಡು, ಕಾಫಿ, ಆಲೂಗಡ್ಡೆ ಎನ್ನುವ ನಮ್ಮವರೇ, ದೇಶದ ಭೂಸ್ಥಿರ ಉಪಗ್ರಹಗಳ ಹಗ್ಗ ಹಿಡಿದಿರುವ ಊರೂ ಇದೇ ಎಂಬುದನ್ನು ಹೇಳಲು ಮರೆಯುತ್ತಾರೆ. ಭೋಪಾಲದಲ್ಲಿ ಇನ್ನೊಂದು ಕೇಂದ್ರ 2005ರಲ್ಲಿ ಬಂತು. ಅದಕ್ಕಿಂತ ಎರಡು ದಶಕಗಳಿಗೂ ಹಿಂದೆ, 1982ರಲ್ಲಿ, ಇನ್ಸಾಟ್ ಸರಣಿಗೆಂದೇ ಹಾಸನದ ಕೇಂದ್ರ ಆರಂಭವಾಗಿತ್ತು.

ಅದರ ಮೊದಲ ಪಾಠ ಕಠಿಣವಾಗಿತ್ತು. ಅಮೆರಿಕದ ಫೋರ್ಡ್ ಏರೋಸ್ಪೇಸ್ ನಿರ್ಮಿಸಿಕೊಟ್ಟ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಕೇಪ್ ಕೆನವೆರಲ್‌ನಿಂದಲೇ ಏರಿತು. ಏಳು ವರ್ಷ ಬಾಳಬೇಕಿದ್ದ ಆ ಉಪಗ್ರಹ ಐದೇ ತಿಂಗಳಲ್ಲಿ, ತನ್ನ ದಿಕ್ಕನ್ನು ಕಾಯ್ದುಕೊಳ್ಳುವ ಇಂಧನ ಮುಗಿದು, ಸೆಪ್ಟೆಂಬರ್‌ನಲ್ಲಿ ಕೈಬಿಟ್ಟುಹೋಯಿತು. ಅದರ ಉಡಾವಣೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮರುವರ್ಷ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರಫಲಕವೂ ಬಿಚ್ಚಿಕೊಳ್ಳದೆ ಮೊಂಡು ಹಿಡಿಯಿತು. ಫೋರ್ಡ್ ಕಂಪನಿಯ ಎಂಜಿನಿಯರುಗಳೂ ಹಾಸನದ ನಿಯಂತ್ರಕರೂ ಸೆಪ್ಟೆಂಬರ್ ಮಧ್ಯದವರೆಗೆ ಪ್ರಯತ್ನಿಸಿ ಕೊನೆಗೆ ಅದನ್ನು ಬಿಡಿಸಿದರು. ಎಂಬತ್ತರ ದಶಕದಲ್ಲಿ ದೂರದರ್ಶನ ದೇಶದ ಮೂಲೆಮೂಲೆಗೆ ಹಬ್ಬಿದ್ದು, ದೂರದ ಊರುಗಳಿಗೆ ಎಸ್‌ಟಿಡಿ ಕರೆಗಳು ಸಿಗತೊಡಗಿದ್ದು ಇವುಗಳ ಹಿಂದೆ ಆ ಉಪಗ್ರಹದ ಪಾತ್ರ ದೊಡ್ಡದು. ಅದು ಚಾಲೆಂಜರ್‌ನಲ್ಲಿ ಹೋಯಿತೆಂದು ಅಂದು ಟಿವಿ ನೋಡಿದವರಲ್ಲಿ ಎಷ್ಟು ಜನ ತಲೆಕೆಡಿಸಿಕೊಂಡಿದ್ದರು?

ಉಡಾವಣೆ ಯಶಸ್ವಿಯಾದ ಮಾತ್ರಕ್ಕೆ ನಿಟ್ಟುಸಿರು ಬಿಡಲಾಗದು ಎಂಬುದಕ್ಕೆ ಹತ್ತಿರದ ಕಾಲದ ನಿದರ್ಶನವೂ ಇದೆ. 2018ರ ಮಾರ್ಚ್ 29ರಂದು ಶ್ರೀಹರಿಕೋಟದಿಂದ ಜಿಸ್ಯಾಟ್-6ಎ ಸರಿಯಾಗಿಯೇ ಕಕ್ಷೆ ಸೇರಿತು. ಕಕ್ಷೆಯನ್ನು ಎತ್ತರಿಸುವ ಎರಡನೆಯ ಕಾರ್ಯಾಚರಣೆ ಮುಗಿದ ಬಳಿಕ ಅದರ ಸಂಪರ್ಕ ಕಡಿದುಹೋಯಿತು, ಮತ್ತೆ ಸಿಗಲಿಲ್ಲ. ಆ ಹೊತ್ತಿಗೆ 5854 ಕಿಲೋಗ್ರಾಂ ತೂಕದ ಜಿಸ್ಯಾಟ್-11 ಉಡಾವಣೆಗೆಂದು ಕೌರೂ ತಲುಪಿತ್ತು. ಇಸ್ರೋ ಅದನ್ನು ಇನ್ನಷ್ಟು ಪರೀಕ್ಷೆಗಳಿಗಾಗಿ ಬೆಂಗಳೂರಿಗೆ ವಾಪಸ್ ತರಿಸಿಕೊಂಡಿತು. ಅಷ್ಟು ದೂರ ಹೋದ ಉಪಗ್ರಹವನ್ನು ಹಿಂದಕ್ಕೆ ಕರೆಸುವುದು ಸುಲಭದ ನಿರ್ಧಾರವಲ್ಲ, ಟೀಕೆಯೂ ಬಂತು. ಅದೇ ವರ್ಷದ ಡಿಸೆಂಬರ್ 5ರಂದು ಹಾರಿದ ಜಿಸ್ಯಾಟ್-11 ತನ್ನ ಜಾಗವನ್ನು ಸೇರಿತು. ಇಸ್ರೋದ ಧೈರ್ಯದ ನಿರ್ಧಾರಗಳ ಪಟ್ಟಿಯಲ್ಲಿ ನಾನು ಇದನ್ನು ಬಹಳ ಮೇಲೆ ಇಡುತ್ತೇನೆ.

ತನ್ನ ಜಾಗ ಸೇರಿದ ಮೇಲೂ ಉಪಗ್ರಹ ಅಲ್ಲಿ ತಾನಾಗಿ ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತ ಅದನ್ನು ಉತ್ತರ ದಕ್ಷಿಣವಾಗಿ ಓಲಾಡಿಸುತ್ತದೆ. ಭೂಮಿಯ ಮಧ್ಯಭಾಗ ಪೂರ್ಣ ದುಂಡಗಿಲ್ಲದ ಕಾರಣ ಪೂರ್ವಕ್ಕೋ ಪಶ್ಚಿಮಕ್ಕೋ ಮೆಲ್ಲನೆ ಜಾರಿಸುವ ಬಲವೂ ಇದೆ. ಈ ಜಾರುವಿಕೆಗೆ ಸ್ಥಿರವಾದ ತಾಣಗಳು ಇಡೀ ವೃತ್ತದಲ್ಲಿ ಎರಡೇ. ಒಂದು ಪಶ್ಚಿಮ ಗೋಳಾರ್ಧದಲ್ಲಿ, ಇನ್ನೊಂದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹಾಸನ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಭೂಸ್ಥಿರ ವೃತ್ತದಲ್ಲಿ ಇಂಧನ ತೀರಿ ಉಳಿದುಬಿಟ್ಟ ಹಳೆಯ ಉಪಗ್ರಹಗಳಲ್ಲಿ ಹಲವು, ನಮ್ಮ ಮಲೆನಾಡಿಗೆ ನೇರ ದಕ್ಷಿಣದ ಆ ಬಿಂದುವಿನ ಸುತ್ತ ವರ್ಷಗಟ್ಟಲೆ ಅತ್ತಿಂದಿತ್ತ ತೇಲುತ್ತಿವೆ. ಜೀವಂತ ಉಪಗ್ರಹವನ್ನಾದರೆ ಹೀಗೆ ತೇಲಲು ಬಿಡುವಂತಿಲ್ಲ. ಡಿಗ್ರಿಯ ಹತ್ತನೆಯ ಒಂದು ಭಾಗವೆಂದರೆ ಆ ಎತ್ತರದಲ್ಲಿ ಸುಮಾರು 74 ಕಿಲೋಮೀಟರ್. ಹೆಚ್ಚುಕಡಿಮೆ ಅಷ್ಟೇ ಅಗಲದ ಅಂಗಳದೊಳಗೆ ಅದನ್ನು ಇಡಲು ಹಾಸನದವರು ಆಗಾಗ ಪುಟ್ಟ ಎಂಜಿನ್ನುಗಳನ್ನು ಉರಿಸಿ ತಿದ್ದುತ್ತಲೇ ಇರಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವಗಳ ಆಸುಪಾಸಿನಲ್ಲಿ ದಿನಕ್ಕೆ ಗರಿಷ್ಠ 72 ನಿಮಿಷಗಳವರೆಗೆ ಭೂಮಿಯ ನೆರಳು ಅದರ ಮೇಲೆ ಬೀಳುತ್ತದೆ. ಆಗ ಸೌರಫಲಕಗಳ ಬದಲು ಬ್ಯಾಟರಿಯಿಂದ ಅದನ್ನು ನಡೆಸಬೇಕು. ಈ ಕೆಲಸಕ್ಕೆ ನೇರ ಪ್ರಸಾರವಿಲ್ಲ, ಚಪ್ಪಾಳೆಯೂ ಇಲ್ಲ.

ಇನ್ನು ಜಿಸ್ಯಾಟ್-ಎನ್2 ಹೊತ್ತ ಉಪಕರಣದ ವಿಚಾರ. ಹಳೆಯ ಸಂಪರ್ಕ ಉಪಗ್ರಹಗಳು ಇಡೀ ದೇಶದ ಮೇಲೆ ಒಂದೇ ದೊಡ್ಡ ಕಿರಣವನ್ನು ಹರಡುತ್ತಿದ್ದವು; ಟಿವಿ ಪ್ರಸಾರಕ್ಕೆ ಅದು ಸೊಗಸು, ಎಲ್ಲರಿಗೂ ಒಂದೇ ಕಾರ್ಯಕ್ರಮ ಸಾಕು. ಇಂಟರ್ನೆಟ್ಟಿನಲ್ಲಿ ಪ್ರತಿಯೊಬ್ಬರಿಗೂ ಬೇಕಾದದ್ದು ಬೇರೆ. ಹೊಲವನ್ನು ಮಡಿಗಳಾಗಿ ಕಟ್ಟಿ ಒಂದೊಂದಕ್ಕೂ ನೀರು ತಿರುಗಿಸುವಂತೆ, ಹೊಸ ಬಗೆಯ ಉಪಗ್ರಹಗಳು ನೆಲವನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿಕೊಂಡು ಪ್ರತಿ ವಲಯಕ್ಕೂ ಬೇರೆ ಕಿರಣವನ್ನು ಕಳುಹಿಸುತ್ತವೆ. ಒಂದಕ್ಕೊಂದು ತಾಗದ ವಲಯಗಳಲ್ಲಿ ಅದೇ ತರಂಗಾಂತರವನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ ಒಟ್ಟು ಸಾಮರ್ಥ್ಯ ಹಲವು ಪಟ್ಟು ಬೆಳೆಯುತ್ತದೆ. ಜಿಸ್ಯಾಟ್-ಎನ್2ದಲ್ಲಿ ಇಂಥ 32 ಕಿರಣಗಳಿವೆ. ಅವುಗಳಲ್ಲಿ 24 ಅಗಲವಾದ ಕಿರಣಗಳು ದೇಶದ ಉಳಿದೆಲ್ಲ ಭಾಗಕ್ಕೆ. 8 ಕಿರಿದಾದ ಕಿರಣಗಳು ಈಶಾನ್ಯ ಭಾರತಕ್ಕೆಂದೇ ಮೀಸಲು. ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಹೋಲಿಕೆಗೆ ಹೇಳುವುದಾದರೆ, ಪ್ರಪಂಚದ ಮೊದಲ ವಾಣಿಜ್ಯ ಸಂಪರ್ಕ ಉಪಗ್ರಹವಾಗಿ 1965ರ ಏಪ್ರಿಲ್‌ನಲ್ಲಿ ಹಾರಿದ ಅರ್ಲಿ ಬರ್ಡ್‌ನ ಸಾಮರ್ಥ್ಯ 240 ದೂರವಾಣಿ ಮಾತುಕತೆಗಳು.

ಈಶಾನ್ಯಕ್ಕೆ ಮೀಸಲಾದ ಆ ಎಂಟು ಕಿರಣಗಳೇ ಈ ಉಪಗ್ರಹದ ಹೃದಯ ಎಂದು ನನಗೆ ತೋರುತ್ತದೆ. ಕಿರಣ ಕಿರಿದಾದಷ್ಟೂ ಅದರ ಶಕ್ತಿ ಕಡಿಮೆ ನೆಲದ ಮೇಲೆ ಒಟ್ಟುಗೂಡುತ್ತದೆ, ಚಿಕ್ಕ ಆಂಟೆನಾದಿಂದಲೂ ಕೆಲಸ ನಡೆಯುತ್ತದೆ. ಅರುಣಾಚಲದ ಕಣಿವೆಗಳಲ್ಲಿ, ಮಿಜೋರಾಂನ ಬೆಟ್ಟದ ಏಣುಗಳ ಮೇಲೆ ಆಪ್ಟಿಕಲ್ ಫೈಬರ್ ಎಳೆಯುವುದು ದುಬಾರಿ. ಎಳೆದರೂ ಮಳೆಗಾಲದ ಭೂಕುಸಿತ ಅದನ್ನು ಕಡಿದುಹಾಕಬಹುದು. ಆದರೆ ಇಲ್ಲೊಂದು ತೊಡಕೂ ಇದೆ, ಅದನ್ನು ಮರೆಮಾಚಬಾರದು. ಈ ಉಪಗ್ರಹ ಬಳಸುವ ಕೆಎ-ಬ್ಯಾಂಡ್‌ನ ತರಂಗಗಳು ಸುಮಾರು 20ರಿಂದ 30 ಗಿಗಾಹರ್ಟ್ಸ್ ವ್ಯಾಪ್ತಿಯವು. ಮಳೆಹನಿಗಳು ಅವುಗಳನ್ನು ಹೀರಿ ಚದುರಿಸುತ್ತವೆ. ಅದಕ್ಕಿಂತ ಕೆಳಗಿನ ಕೆಯು-ಬ್ಯಾಂಡ್‌ನಲ್ಲಿ ಬರುವ ಡಿಟಿಎಚ್ ಚಿತ್ರವೇ ಆಷಾಢದ ಜಡಿಮಳೆಗೆ ಒಡೆದುಹೋಗುವುದನ್ನು ಸಕಲೇಶಪುರ, ಮೂಡಿಗೆರೆಯ ಮನೆಗಳವರೆಲ್ಲ ಬಲ್ಲರು. ಪ್ರಪಂಚದಲ್ಲೇ ಅತಿ ಹೆಚ್ಚು ಮಳೆ ಬೀಳುವ ನೆಲಗಳಲ್ಲಿ ಒಂದಾದ ಮೇಘಾಲಯಕ್ಕೆ ಕೆಎ-ಬ್ಯಾಂಡ್ ಸೇವೆ ಕೊಡುವುದೆಂದರೆ ಇದಕ್ಕಿಂತ ಕಠಿಣವಾದ ಪರೀಕ್ಷೆ. ಮಳೆ ಜೋರಾದಾಗ ಸಂಕೇತದ ವೇಗವನ್ನು ತಗ್ಗಿಸಿ ಸಂಪರ್ಕ ಉಳಿಸಿಕೊಳ್ಳುವ ತಂತ್ರಗಳಿವೆ. ಮೇಲಿನ ಕಿರಣಗಳ ಶಕ್ತಿಯಷ್ಟೇ, ನೆಲದ ಮೇಲೆ ಇವನ್ನು ಅಳವಡಿಸುವವರ ಜಾಗರೂಕತೆಯೂ ಇಲ್ಲಿ ಮುಖ್ಯ.

ಭೂಸ್ಥಿರ ಉಪಗ್ರಹಗಳ ಕಾಲ ಮುಗಿಯಿತು, ಇನ್ನು ಕೆಳಕಕ್ಷೆಯದೇ ಯುಗ ಎನ್ನುವವರೂ ಇದ್ದಾರೆ. ಸ್ಪೇಸ್‌ಎಕ್ಸ್‌ನ ಉಪಗ್ರಹ ಇಂಟರ್ನೆಟ್ ಸೇವೆಯಾದ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದ ದೂರಸಂಪರ್ಕ ಪರವಾನಗಿ ಸಿಕ್ಕಿತು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಸಂಕೇತ ಹೋಗಿಬರುವ ವಿಳಂಬ ಬಹಳ ಕಡಿಮೆ. ಭೂಸ್ಥಿರ ಕಕ್ಷೆಗಾದರೆ ನೆಲದಿಂದ ಏರಿ ಇಳಿಯುವುದಕ್ಕೇ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ, ಪ್ರಶ್ನೆ ಕಳುಹಿಸಿ ಉತ್ತರ ಪಡೆಯಲು ಅರ್ಧ ಸೆಕೆಂಡ್. ಬೆಳಕಿನ ವೇಗವೇ ಅಷ್ಟಿರುವಾಗ ಇದಕ್ಕೆ ಮದ್ದಿಲ್ಲ. ಆದರೆ ಕೆಳಕಕ್ಷೆಯ ಪ್ರತಿ ಉಪಗ್ರಹವೂ ತನ್ನ ಸುತ್ತಿನ ಬಹುಭಾಗವನ್ನು ಸಾಗರಗಳ ಮೇಲೋ ಬೇರೆ ದೇಶಗಳ ಮೇಲೋ ಕಳೆಯುತ್ತದೆ, ಹಾಗಾಗಿ ಒಂದು ದೇಶಕ್ಕೆ ಎಡೆಬಿಡದೆ ಸೇವೆ ಕೊಡಲು ನೂರಾರು, ಸಾವಿರಾರು ಉಪಗ್ರಹಗಳು ಬೇಕಾಗುತ್ತವೆ. ಭಾರತದತ್ತಲೇ ಮುಖ ಮಾಡಿ ನಿಂತ ಒಂದು ಜಿಸ್ಯಾಟ್-ಎನ್2 ತನ್ನ ಸಾಮರ್ಥ್ಯವನ್ನೆಲ್ಲ ಇಲ್ಲಿಗೇ ಕೊಡುತ್ತದೆ, ಅದರ ಹಗ್ಗವೂ ಇಲ್ಲಿಯೇ ಇರುತ್ತದೆ. ಒಂದು ಗ್ರಾಮ ಪಂಚಾಯಿತಿಯ ಕಡತ ಹೋಗಲು, ಶಾಲೆಯೊಂದರಲ್ಲಿ ಪಾಠದ ವಿಡಿಯೊ ಇಳಿಯಲು ಅರ್ಧ ಸೆಕೆಂಡಿನ ತಡ ಯಾರಿಗೂ ತೊಂದರೆಯಲ್ಲ. ಎರಡೂ ಬಗೆಗೆ ಜಾಗವಿದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ವಾಣಿಜ್ಯ ಉಪಗ್ರಹ ಎನ್ನುವುದೇಕೆಂದರೆ, ಇದರ ಒಡೆತನ ಮತ್ತು ಖರ್ಚು ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್‌ನದು. 2019ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಗೊಂಡ ಈ ಕಂಪನಿ ಬಾಹ್ಯಾಕಾಶ ಇಲಾಖೆಯ ಅಡಿಯ ಸಾರ್ವಜನಿಕ ಉದ್ಯಮ. ಹಿಂದೆ ಇಸ್ರೋ ಮೊದಲು ಉಪಗ್ರಹವನ್ನು ಹಾರಿಸಿ ಆಮೇಲೆ ಬಳಕೆದಾರರನ್ನು ಹುಡುಕುತ್ತಿತ್ತು. 2020ರ ಸುಧಾರಣೆಗಳ ನಂತರ ಕ್ರಮ ತಿರುಗಿತು: ಮೊದಲು ಗಿರಾಕಿ, ಆಮೇಲೆ ಉಪಗ್ರಹ. ಆ ಬಗೆಯ ಮೊದಲನೆಯದು 2022ರ ಜೂನ್‌ನಲ್ಲಿ ಕೌರೂನಿಂದ ಹಾರಿದ ಜಿಸ್ಯಾಟ್-24; ಅದರ ಪೂರ್ಣ ಸಾಮರ್ಥ್ಯವನ್ನು ಟಾಟಾ ಪ್ಲೇ ಪಡೆದಿತ್ತು. ಎರಡನೆಯದು ಜಿಸ್ಯಾಟ್-ಎನ್2, ಅದರ ಸಾಮರ್ಥ್ಯದ ಬಹುಪಾಲೂ ಹಾರುವ ಮೊದಲೇ ಭಾರತೀಯ ಸೇವಾ ಕಂಪನಿಗಳ ಪಾಲಾಗಿತ್ತು. ವಿಮಾನದೊಳಗೆ ಇಂಟರ್ನೆಟ್ ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದು; ಭಾರತದ ಆಕಾಶದಲ್ಲಿ 3000 ಮೀಟರ್ ಎತ್ತರ ದಾಟಿದ ಮೇಲೆ ಪ್ರಯಾಣಿಕರು ವೈಫೈ ಬಳಸಬಹುದೆಂಬ ನಿಯಮ ಅದೇ ನವೆಂಬರ್‌ನಲ್ಲಿ ಹೊರಬಿತ್ತು.

ರಾಕೆಟ್ಟಿನ ಕೊರತೆಯೂ ಹೀಗೆಯೇ ಉಳಿಯುವುದಿಲ್ಲ. ಉಡಾವಣೆಯಾಗಿ ಒಂದು ವರ್ಷ ಕಳೆಯುವ ಮುನ್ನವೇ, 2025ರ ನವೆಂಬರ್ 2ರಂದು, ಎಲ್‌ವಿಎಂ3 ಸುಮಾರು 4400 ಕಿಲೋಗ್ರಾಂನ ಸಿಎಂಎಸ್-03 ಉಪಗ್ರಹವನ್ನು ಶ್ರೀಹರಿಕೋಟದಿಂದ ಒಯ್ಯಿತು. ಈ ವಾಹನಕ್ಕೆ ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕದಿಂದ ನಡೆಯುವ ಹೊಸ ಹಂತವನ್ನು ಜೋಡಿಸಿ ಸಾಮರ್ಥ್ಯ ಹೆಚ್ಚಿಸುವ ಕೆಲಸ ನಡೆದಿದೆ. ಇನ್ನೂ ದೊಡ್ಡದಾದ ಮುಂದಿನ ಪೀಳಿಗೆಯ ವಾಹನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅವು ಬರಲಿ, ನಾನೂ ಕಾತರದಿಂದ ಕಾಯುತ್ತಿದ್ದೇನೆ.

ಆದರೆ ಜಿಸ್ಯಾಟ್-ಎನ್2ರ ಬಗ್ಗೆ ನಾವು ಈಗ ಕೇಳಬೇಕಾದ ಪ್ರಶ್ನೆಗಳು ಬೇರೆ. ನ್ಯೂಸ್ಪೇಸ್ ಇಂಡಿಯಾ ಸಾಮರ್ಥ್ಯವನ್ನು ಸಗಟಾಗಿ ಮಾರುತ್ತದೆಯೇ ಹೊರತು ಮನೆಮನೆಗೆ ಸಂಪರ್ಕ ಕೊಡುವುದಿಲ್ಲ. ಕೊಂಡ ಕಂಪನಿಗಳಿಗೆ ಲಾಭ ಹೆಚ್ಚು ಇರುವುದು ವಿಮಾನಗಳಲ್ಲೋ ದೊಡ್ಡ ಉದ್ಯಮಗಳಲ್ಲೋ ಆಗಿದ್ದರೆ ಬೆಟ್ಟದ ಊರಿನ ಆರೋಗ್ಯ ಕೇಂದ್ರದ ಸರದಿ ಯಾವಾಗ ಬರುತ್ತದೆ? ಒಂದು ಆಂಟೆನಾ ಮತ್ತು ಮೋಡೆಮ್ಮಿನ ಬೆಲೆಯನ್ನು ಅಲ್ಲಿನ ಪಂಚಾಯಿತಿ ಭರಿಸಬಲ್ಲುದೇ, ಇಲ್ಲವಾದರೆ ಅದನ್ನು ಯಾರು ಭರಿಸುತ್ತಾರೆ? ಮಳೆಗೆ ಸಂಪರ್ಕ ಹೋದಾಗ ದುರಸ್ತಿಗೆ ಬರುವವರು ಎಷ್ಟು ದೂರದ ಪಟ್ಟಣದಿಂದ ಬರಬೇಕು? ಉಪಗ್ರಹದ ಆಯುಷ್ಯ ಹದಿನಾಲ್ಕು ವರ್ಷ. ಈಶಾನ್ಯದ ಎಂಟು ಕಿರಣಗಳ ಅಡಿಯಲ್ಲಿ ಎಷ್ಟು ಆಂಟೆನಾಗಳು ಏಳುತ್ತವೆ ಎಂಬ ಲೆಕ್ಕವನ್ನು ಸೇವಾ ಕಂಪನಿಗಳೂ ಸರ್ಕಾರವೂ ವರ್ಷಕ್ಕೊಮ್ಮೆಯಾದರೂ ಜನರ ಮುಂದೆ ಇಡಬೇಕು.